ಅರ್ಧ ಮಂಚದ ಯಜಮಾನ

ನ್ಯಾಯಾಲಯ ನನ್ನನ್ನೂ ನನ್ನ ಹೆಂಡತಿಯನ್ನೂ ಕ್ರಮಬದ್ಧವಾಗಿ ಬೇರೆ ಮಾಡಿತು. ಆದರೆ ನನ್ನನ್ನೂ ನನ್ನ ಅತ್ತೆಯನ್ನೂ ಬೇರೆ ಮಾಡುವುದನ್ನು ಮರೆತುಬಿಟ್ಟಿತು. ವಿಚ್ಛೇದನವಾದ ಮೇಲೂ ಆಕೆ ಊಟದ ಡಬ್ಬಿ ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಾರೆ. ಹೊಸದಾಗಿ ಮಾಡಿಟ್ಟ ಕುರ್ಚಿಗಳಲ್ಲೆಲ್ಲ ಒಂದೊಂದು ಸಲ ಕೂತು ನೋಡುತ್ತಾರೆ. "ಅಳಿಯಂದ್ರೇ, ಇದು ಬೆನ್ನಿಗೆ ಒತ್ತುತ್ತೆ" ಎಂದು ಗಿರಾಕಿಗಳ ಎದುರೇ ತೀರ್ಪು ಕೊಡುತ್ತಾರೆ.

"ಅತ್ತೇ, ನಾನೀಗ ನಿಮ್ಮ ಅಳಿಯ ಅಲ್ಲ" ಎಂದು ಒಂದು ದಿನ ಧೈರ್ಯ ಮಾಡಿ ಹೇಳಿದೆ.

"ಯಾರು ಹೇಳಿದ್ದು?"

"ಜಡ್ಜು."

"ಜಡ್ಜು ನನ್ನನ್ನೇನೂ ಕೇಳಲಿಲ್ಲವಲ್ಲ. ಡಬ್ಬಿ ತೊಳೆದಿಡಿ, ನಾಳೆ ಬೇಕು" ಎಂದು ಎದ್ದು ಹೋದರು.

ನಾನು ಬಡಗಿ. ಬರೀ ಬಡಗಿಯಲ್ಲ, ಮಂಚದ ಬಡಗಿ. 'ಇಲ್ಲಿ ಸದ್ದಿಲ್ಲದ ಮಂಚಗಳನ್ನು ಮಾಡಿಕೊಡಲಾಗುವುದು' ಎಂದು ಅಂಗಡಿಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದೇನೆ. ನನ್ನ ಕೈಯಿಂದ ಹೊರಟ ಮಂಚದ ಮೇಲೆ ನೀವು ಕುಣಿದರೂ ಅದು ತುಟಿ ಬಿಚ್ಚುವುದಿಲ್ಲ. (ಕುಣಿಯಬೇಡಿ. ಗಿರಾಕಿಯೊಬ್ಬರು ಪರೀಕ್ಷಿಸಲು ಹೋಗಿ ಸೊಂಟ ಹಿಡಿದುಕೊಂಡು ಮನೆಗೆ ಹೋದರು. ಮಂಚಕ್ಕೆ ಏನೂ ಆಗಲಿಲ್ಲ.)

ನನ್ನ ಹೆಂಡತಿ, ಅಂದರೆ ಆಗ ಹೆಂಡತಿಯಾಗಿದ್ದವಳು, ಕಾರು ಕಲಿಸುವ ಮೇಡಂ. ಇಂಥವರ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಕಂಬಕ್ಕೆ ಗುರಿಯಿಟ್ಟಾಗ ಅವಳು ಅದನ್ನು ಒತ್ತಿ ಕಂಬವನ್ನು ಕಾಪಾಡಬೇಕು. ದಿನವಿಡೀ ಒತ್ತಿ ಒತ್ತಿ ಅವಳ ಬಲಗಾಲಿಗೆ ಅದೇ ಚಾಳಿ. ನಾನು ಊಟಕ್ಕೆ ಕೂತು ಎರಡನೇ ಸಲ ಬಡಿಸಿಕೊಳ್ಳಲು ಕೈ ಚಾಚಿದರೆ, ಮೇಜಿನ ಕೆಳಗೆ ಅವಳ ಕಾಲು ನೆಲವನ್ನು ಒತ್ತುತ್ತಿತ್ತು. ನನ್ನ ಕೈ ತಾನಾಗಿಯೇ ನಿಂತುಬಿಡುತ್ತಿತ್ತು.

ನಾವು ಬೇರೆಯಾದದ್ದು ಒಂದು ಕಿಟಕಿಯಿಂದ. ನಗಬೇಡಿ. ಅವಳು ಬೆಳಗಿನಿಂದ ಸಂಜೆಯವರೆಗೆ ಪುಟ್ಟ ಕಾರಿನಲ್ಲಿ, ಹೆದರಿ ಬೆವರುವ ಜನರ ಪಕ್ಕ ಕೂತು ಬಂದವಳು. ಮಲಗುವ ಕೋಣೆಯ ಕಿಟಕಿ ತೆರೆದೇ ಇರಬೇಕು ಎನ್ನುತ್ತಿದ್ದಳು. ನಾನು ಬಾಗಿಲೇ ಇಲ್ಲದ ಅಂಗಡಿಯಲ್ಲಿ ದಿನವಿಡೀ ಗಾಳಿಗೆ ಮೈಯೊಡ್ಡಿ, ಮರದ ಪುಡಿ ಕುಡಿದು ಬಂದವನು. ಕಿಟಕಿ ಮುಚ್ಚಿರಬೇಕು ಎನ್ನುತ್ತಿದ್ದೆ. ಅವಳು ತೆರೆದು ಮಲಗುತ್ತಿದ್ದಳು. ಅವಳಿಗೆ ನಿದ್ದೆ ಹತ್ತಿದ ಮೇಲೆ ನಾನು ಎದ್ದು ಮುಚ್ಚುತ್ತಿದ್ದೆ. ನನ್ನ ಮಂಚ ಸದ್ದಿಲ್ಲದ ಮಂಚವಾದ್ದರಿಂದ ಈ ಕಳ್ಳತನ ಅವಳಿಗೆ ತಿಳಿಯುತ್ತಿದ್ದುದು ಬೆಳಿಗ್ಗೆಯೇ.

"ಕಿಟಕಿ ಯಾರ್ರೀ ಮುಚ್ಚಿದ್ದು?"

"ಗಾಳಿಗೆ ಮುಚ್ಚಿಕೊಂಡಿರಬೇಕು."

"ಗಾಳಿ ಚಿಲಕಾನೂ ಹಾಕುತ್ತಾ?"

ಇಂಥ ಒಂದು ಬೆಳಿಗ್ಗೆ ಮಾತು ಕಿಟಕಿಯಿಂದ ಪರದೆಗೆ ಹೋಯಿತು, ಪರದೆಯಿಂದ ನನ್ನ ಗೊರಕೆಗೆ, ಗೊರಕೆಯಿಂದ ಅವಳ ಅಮ್ಮನಿಗೆ, ಅಲ್ಲಿಂದ ನನ್ನ ಇಡೀ ವಂಶಕ್ಕೆ. "ಹಾಗಾದ್ರೆ ಬೇರೆ ಆಗೋಣ" ಎಂದಳು. "ಆಗೋಣ" ಎಂದೆ. ಅವಳು ಬ್ರೇಕ್ ಹಾಕುತ್ತಾಳೆ ಎಂದು ನಾನು ಕಾದೆ. ನಾನು ಹಾಕಲಿ ಎಂದು ಅವಳು ಕಾದಳು. ಹೀಗೆ ಒಬ್ಬರ ಮುಖ ಒಬ್ಬರು ನೋಡುತ್ತ ವಕೀಲರ ಕಚೇರಿ ದಾಟಿ, ಕೋರ್ಟಿನ ಮೆಟ್ಟಿಲು ಹತ್ತಿ, ನೇರವಾಗಿ ಕಂಬಕ್ಕೆ ಗುದ್ದಿದೆವು.

ಪಾಲಾಗುವಾಗ ಬೇರೆ ಯಾವುದಕ್ಕೂ ಜಗಳವಾಗಲಿಲ್ಲ. "ನೀವಿಟ್ಟುಕೊಳ್ಳಿ", "ಇಲ್ಲ, ನೀನೇ ಇಟ್ಟುಕೋ" ಎಂದು ಪಾತ್ರೆ ಪಡಗವನ್ನೆಲ್ಲ ಒಬ್ಬರ ಕಡೆಯಿಂದ ಇನ್ನೊಬ್ಬರ ಕಡೆ ತಳ್ಳಿದೆವು. ಮಂಚದ ವಿಷಯಕ್ಕೆ ಬಂದಾಗ ಮಾತ್ರ ಇಬ್ಬರೂ ಜಗ್ಗಲಿಲ್ಲ. ಅದನ್ನು ನಮ್ಮ ಮದುವೆಗೆಂದು ನಾನೇ ಮಾಡಿದ್ದೆ. ತಲೆದಿಂಬಿನ ಕಡೆಯ ಹಲಗೆಯ ನಡುಮಧ್ಯೆ ಒಂದು ದೊಡ್ಡ ಹೂವು ಕೆತ್ತಿದ್ದೆ. "ನನಗೆ ಕೊಟ್ಟದ್ದು, ನಂದು" ಎಂದಳು. "ನಾನು ಮಾಡಿದ್ದು, ನಂದು" ಎಂದೆ. ಕೊನೆಗೆ ಗರಗಸ ತಂದು, ಹೂವಿನ ನಟ್ಟನಡುವೆ ಇಟ್ಟು, ಉದ್ದಕ್ಕೂ ಕೊಯ್ದುಬಿಟ್ಟೆ. ಇಬ್ಬರ ಪಾಲಿಗೂ ಇಲ್ಲದ ಎರಡೆರಡು ಕಾಲುಗಳನ್ನು ಹೊಸದಾಗಿ ಕೂಡಿಸಿದೆ. ಎರಡು ಒಂಟಿ ಮಂಚಗಳಾದವು. ಅವಳಿಗೆ ಅರ್ಧ ಹೂವು, ನನಗೆ ಅರ್ಧ ಹೂವು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಇಬ್ಬರಿಗೂ ಬುದ್ಧಿ ಅರ್ಧರ್ಧ ಇದೆ, ಮಂಚ ಯಾಕೆ ಪೂರ್ತಿ ಇರಬೇಕು" ಎಂದು ಒಳಗೆ ಹೋದರು.

ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಅರ್ಧ ಮಂಚ ಹಾಕಿಕೊಂಡು, ಅರ್ಧ ಹೂವಿನ ಕೆಳಗೆ, ಕಿಟಕಿ ಭದ್ರವಾಗಿ ಮುಚ್ಚಿ ಸ್ವತಂತ್ರನಾಗಿ ಮಲಗಿದೆ. ನಿದ್ದೆ ಬರಲಿಲ್ಲ. ಎದ್ದು ಕಿಟಕಿ ತೆರೆದೆ, ಚಳಿಯಾಯಿತು. ಮುಚ್ಚಿದೆ; ಉಸಿರು ಕಟ್ಟಿದಂತಾಯಿತು. ಕದ್ದು ಮುಚ್ಚುವುದರಲ್ಲಿ ಇದ್ದ ಸುಖ ರಾಜಾರೋಷವಾಗಿ ಮುಚ್ಚುವುದರಲ್ಲಿ ಇರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಲ್ಲದ್ದು ನನಗೆ ಹಿಡಿಸಲಿಲ್ಲ. ಅವಳು ವಾಪಸು ಬೇಕಿತ್ತು. ಆದರೆ ಕೋರ್ಟಿನವರೆಗೆ ಮೀಸೆ ತಿರುವಿಕೊಂಡು ಹೋದವನು ಈಗ ಹೋಗಿ "ಬಾ" ಎನ್ನುವುದು ಹೇಗೆ?

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಬಂದರು.

ನನ್ನ ಅಂಗಡಿಗೆ ಬರಲಿಲ್ಲ, ಅವಳ ಕಾರಿಗೆ ಬಂದರು. ಕಾರು ಕಲಿಯಲು ಸೇರಿಕೊಂಡರು. ಮೃದುವಾದ ಮಾತು, ಇಸ್ತ್ರಿ ಮಾಡಿದ ಅಂಗಿ, ಬಾಯಿ ತೆರೆದರೆ ಸಾಲಾಗಿ ಜೋಡಿಸಿದ ಹಲ್ಲು. ಅವರ ಕಾರು ದಿನವೂ ಸಂಜೆ ನನ್ನ ಅಂಗಡಿಯ ಮುಂದೆ ನಡೆದು ಹೋಗುವವರಿಗಿಂತ ನಿಧಾನವಾಗಿ ಹಾದುಹೋಗುತ್ತಿತ್ತು. ಒಳಗೆ ಇಬ್ಬರೂ ನಗುತ್ತಿದ್ದರು. ನನ್ನ ಜೊತೆ ಕಾರಿನಲ್ಲಿ ಕೂತಾಗ ಅವಳು ನಕ್ಕದ್ದು ನನಗೆ ನೆನಪಿಲ್ಲ, ಕಿರುಚಿದ್ದು ನೆನಪಿದೆ.

"ಎಷ್ಟು ದಿನದಿಂದ ಕಲೀತಿದಾರೆ ಅತ್ತೇ? ಇನ್ನೂ ಬರಲಿಲ್ವಾ?" ಎಂದು ಉಪ್ಪುಕಾಗದದಿಂದ ಮೇಜು ಉಜ್ಜುತ್ತ, ಯಾವುದೋ ಊರಿನ ಸುದ್ದಿ ಕೇಳುವವನಂತೆ ಕೇಳಿದೆ.

"ಪಾಪ, ಮೆತ್ತಗಿನ ಮನುಷ್ಯ. ಯಾರಾದ್ರೂ ಅಡ್ಡ ಬಂದ್ರೆ ಹಾರ್ನ್ ಹೊಡೆಯೋಕೂ ಸಂಕೋಚ. ನನ್ನ ದವಡೆ ಹಲ್ಲು ಕಿತ್ತರು ನೋಡಿ, ಕಿತ್ತದ್ದೇ ಗೊತ್ತಾಗಲಿಲ್ಲ. ಅಳಿಯಂದ್ರೇ, ಮೇಜು ಉಜ್ಜಿದ್ದು ಸಾಕು, ತಳ ಕಾಣೋ ಹಾಗಾಯ್ತು."

ನಾನು ಹಲ್ಲು ಮಸೆದೆ. ಮಸೆದೂ ಮಸೆದೂ ಒಂದು ಹಲ್ಲು ನೋಯತೊಡಗಿತು. ಊರಲ್ಲಿ ಒಳ್ಳೆಯ ಹಲ್ಲಿನ ಡಾಕ್ಟರೆಂದರೆ ಅವರೊಬ್ಬರೇ. ಲವಂಗ ಕಚ್ಚಿಕೊಂಡು ಕೂತೆ.

ಹೀಗಿರುವಾಗ ಒಂದು ಮಧ್ಯಾಹ್ನ ಅವಳು ಅಂಗಡಿಗೇ ಬಂದಳು. ಹಿಂದೆ ಸಣ್ಣ ಟೆಂಪೊ. ಅದರಲ್ಲಿ ಅವಳ ಅರ್ಧ ಮಂಚ. ನನ್ನ ಎದೆ ಬಡಿದುಕೊಂಡ ಸದ್ದು ಅವಳಿಗೆ ಕೇಳಬಾರದೆಂದು ಒಂದು ಸುತ್ತಿಗೆ ತೆಗೆದುಕೊಂಡು ಏನನ್ನೋ ಬಡಿಯತೊಡಗಿದೆ. ಆಮೇಲೆ ನೋಡಿದರೆ ಅದು ಊಟದ ಡಬ್ಬಿಯ ಮುಚ್ಚಳ.

(ಇಲ್ಲೊಂದು ಮಾತು ಹೇಳಬೇಕು. ವಿಚ್ಛೇದನದಿಂದ ನನಗೆ ಸಿಕ್ಕ ನಷ್ಟಗಳಲ್ಲಿ ದೊಡ್ಡದು 'ರೀ'. ಅವಳು ನನ್ನನ್ನು 'ರೀ' ಎನ್ನುವುದನ್ನು ಬಿಟ್ಟು 'ಮೇಸ್ತ್ರಿ' ಎನ್ನತೊಡಗಿದ್ದಳು. ನಾನು ಬಿಡುತ್ತೇನೆಯೇ? ಬಹುವಚನ ಹಾಕಿ 'ಮೇಡಂ' ಎಂದೆ.)

"ಮೇಸ್ತ್ರಿ, ಇದನ್ನ ಜೋಡಿ ಮಂಚ ಮಾಡಿಕೊಡಬೇಕು."

"ಜೋಡಿ ಮಂಚಾನಾ ಮೇಡಂ?"

"ಹೌದು. ಇಬ್ಬರು ಮಲಗೋವಂಥದ್ದು."

"ಇಬ್ಬರು ಅಂದ್ರೆ... ನೀವು ಮತ್ತೆ ನಿಮ್ಮ ತಾಯಿ?"

"ಅಮ್ಮನಿಗೆ ಅವರ ಮಂಚ ಇದೆ."

ನನ್ನ ಬಾಯಲ್ಲಿದ್ದ ಲವಂಗ ಕೆಳಗೆ ಬಿತ್ತು. ಅವಳು ಗೋಡೆಗೆ ಒರಗಿಸಿದ್ದ ಹಲಗೆಗಳನ್ನು ನೋಡುತ್ತ ಹೇಳಿದಳು: "ಇನ್ನೊಂದು ಮಾತು. ಅರ್ಧ ಇದು ಇದೆಯಲ್ಲ, ಇನ್ನರ್ಧಕ್ಕೆ ಹೊಸ ಮರ ಹಾಕಬೇಡಿ. ಬಣ್ಣ ಹೊಂದೋದಿಲ್ಲ. ಹಳೇ ಮರವೇ ಬೇಕು."

"ಹಳೇ ಮರ ಅಂದ್ರೆ... ನನ್ನ ಮಂಚ."

"ನಿಮಗೆ ಕೊಡೋಕೆ ಮನಸ್ಸಿಲ್ಲದಿದ್ರೆ ಬೇಡ" ಎಂದು ನನ್ನ ಮುಖವನ್ನೇ ನೋಡಿದಳು.

ಓದುಗರೇ, ನೀವೇ ಹೇಳಿ. ತನ್ನ ಮಾಜಿ ಹೆಂಡತಿಯ ಎರಡನೇ ಮದುವೆಗೆ ತಾನು ಮಲಗುವ ಮಂಚವನ್ನೇ ಕಿತ್ತು ಜೋಡಿಸಿಕೊಡು ಎಂಬ ಅಪ್ಪಣೆ ಯಾವ ಗಂಡಸಿಗೆ ಬಂದೀತು? ನನಗೆ ಬಂತು. ಯಾರಿಗೆ ಎಂದು ಕೇಳಿದರೆ ಬಾಯಿ ಸವೆಯುತ್ತಿರಲಿಲ್ಲ. ಆದರೆ ಕೇಳಿದರೆ ಅವಳು ಹೇಳಿಬಿಡುತ್ತಾಳಲ್ಲ! ಎದೆ ಸೆಟೆಸಿ, "ಅದಕ್ಕೇನಂತೆ ಮೇಡಂ, ಗಿರಾಕಿ ಕೇಳಿದ್ದನ್ನ ಕೊಡೋದು ನಮ್ಮ ಕೆಲಸ" ಎಂದೆ. ಅವಳು ಇನ್ನೇನೋ ಹೇಳುವಂತೆ ನಿಂತಳು. ಆಮೇಲೆ ಹೊರಟು ಹೋದಳು.

ಕೆಲಸಕ್ಕೆ ಕೂತೆ. ನಡುವೆ ಹಾಕಿದ್ದ ಹೊಸ ಕಾಲುಗಳನ್ನು ಕಿತ್ತೆ. ಎರಡು ಅರ್ಧಗಳನ್ನು ಪಕ್ಕಪಕ್ಕ ತಂದೆ. ಹೂವು ಕೂಡಲಿಲ್ಲ. ಗರಗಸ ತಿಂದ ಮರ ಪುಡಿಯಾಗಿ ಎಂದೋ ಗುಡಿಸಿಹೋಗಿತ್ತು. ಅಷ್ಟಗಲದ ತೆಳ್ಳನೆಯ ಪಟ್ಟಿಯೊಂದನ್ನು ಸೀಳಿ, ಹೂವಿನ ಎಸಳುಗಳ ಗೆರೆ ಅದರ ಮೇಲೆ ಹಾಯುವಂತೆ ಕೆತ್ತಿ, ಅಂಟು ಹಾಕಿ ನಡುವೆ ಕೂರಿಸಿದೆ. ಹೂವು ಮತ್ತೆ ಇಡಿಯಾಯಿತು. ಮೊದಲಿಗಿಂತ ಒಂದು ಚೂರು ಅಗಲವಾಗಿ ಅರಳಿದಂತೆ ಕಂಡಿತು. ನಾನು ಬಹಳ ಹೊತ್ತು ಅದರ ಮುಂದೆ ಕೂತಿದ್ದೆ. ಅಳು ಬಂತು, ಅಂಗಿಯ ತೋಳಿನಲ್ಲಿ ಒರೆಸಿಕೊಂಡೆ. ತೋಳಿನ ತುಂಬ ಮರದ ಪುಡಿ ಇದ್ದದ್ದರಿಂದ ಮತ್ತಷ್ಟು ಬಂತು.

ಅಳು ನಿಂತ ಮೇಲೆ ಹೊಟ್ಟೆಕಿಚ್ಚು ಶುರುವಾಯಿತು. ಈ ಹೂವಿನ ಕೆಳಗೆ ಆ ಸಾಲುಹಲ್ಲಿನ ಮನುಷ್ಯ ಮಲಗುತ್ತಾನೆ. ಹಾಯಾಗಿ ಮಲಗುತ್ತಾನೆ, ಏಕೆಂದರೆ ಮಂಚ ನನ್ನದು. ನನ್ನ ಕೈ ತಾನಾಗಿ ಮೇಣದ ಡಬ್ಬಿಗೆ ಹೋಯಿತು. ಕಾಲಿನ ತೂತಿನೊಳಗೆ ಅಡ್ಡಪಟ್ಟಿ ಕೂರುವ ಜಾಗಕ್ಕೆ ಮೇಣ ಸವರಿ, ಬಿಗಿಯಾಗಿ ಬಡಿದು ಕೂರಿಸುವುದೇ ಸದ್ದಿಲ್ಲದ ಮಂಚದ ಗುಟ್ಟು. ಡಬ್ಬಿಯ ಮುಚ್ಚಳ ತೆಗೆದವನು ಹಾಗೆಯೇ ಮುಚ್ಚಿದೆ. ಉಳಿ ತೆಗೆದುಕೊಂಡು ತೂತನ್ನು ಒಂದು ಕೂದಲೆಳೆಯಷ್ಟು ಸಡಿಲ ಮಾಡಿದೆ. ಒಣ ಮರಕ್ಕೆ ಒಣ ಮರ ಉಜ್ಜುವಂತೆ ಕೂರಿಸಿದೆ. ನೋಡಲು ಕಣ್ಣಿಗೆ ಹಬ್ಬ. ಮೇಲೆ ಕೂತು ನೋಡಿದೆ: "ಕೀ..." ಹೊರಳಿ ನೋಡಿದೆ: "ಕೀಂಯ್ಯ್..." ಎದ್ದು ನೋಡಿದೆ: "ಕ್ರೀಂಯ್ಯ್ ಕಟ್!" ಸಂಗೀತ ವಿದ್ವಾಂಸನಂತೆ ತಲೆದೂಗಿದೆ. ನನ್ನ ಜೀವಮಾನದ ಕೀರ್ತಿಯನ್ನು ಆ ಕಾಲಿನ ತೂತಿಗೆ ಸುರಿದಿದ್ದೆ. ಅದಕ್ಕೆ ಚೂರೂ ಬೇಸರವಾಗಲಿಲ್ಲ.

ಮಂಚ ತಲುಪಿಸಲು ಭಾನುವಾರ ಹೋದೆ. ಬಾಗಿಲಲ್ಲಿ ಯಾರಿದ್ದರು ಅಂದುಕೊಂಡಿರಿ? ಅವರೇ! "ಬನ್ನಿ ಬನ್ನಿ, ಒಂದು ಕಡೆ ನಾನು ಹಿಡೀತೀನಿ" ಎಂದು ಹಲ್ಲಿನ ಡಾಕ್ಟರು ಅಂಗಿಯ ತೋಳು ಮಡಿಚಿಕೊಂಡು ಬಂದರು. ಮೆಟ್ಟಿಲಲ್ಲಿ ಅವರು ಹಿಂದುಹಿಂದಕ್ಕೆ ಹತ್ತುತ್ತ, ನಾನು ಮುಂದಕ್ಕೆ ತಳ್ಳುತ್ತ ಹೋದೆವು. ಎರಡು ಸಲ ಅವರನ್ನು ಗೋಡೆಗೆ ಒತ್ತರಿಸಿದೆ. ಎರಡು ಸಲವೂ ಅವರೇ "ಸಾರಿ" ಎಂದರು. ಇಂಥವರನ್ನು ದ್ವೇಷಿಸುವುದು ಎಷ್ಟು ಕಷ್ಟದ ಕೆಲಸ!

ಕೋಣೆಯಲ್ಲಿ ಮಂಚ ಕೂಡಿಸಿದ್ದಾಯಿತು. ಕಿಟಕಿ ತೆರೆದೇ ಇತ್ತು. ಅವಳು ಬಂದು ತಲೆಯ ಕಡೆಯ ಹಲಗೆಯ ಮುಂದೆ ನಿಂತಳು. ಹೂವಿನ ಮೇಲೆ ಬೆರಳಾಡಿಸಿ, ನಡುವಿನ ಪಟ್ಟಿಯ ಮೇಲೆ ಬೆರಳು ನಿಲ್ಲಿಸಿದಳು.

ಆಗ ಅಡುಗೆಮನೆಯಿಂದ ಅತ್ತೆಯೂ, ನನಗೆ ಗುರುತಿಲ್ಲದ ಒಬ್ಬ ಹೆಂಗಸೂ ಸಿಹಿಯ ತಟ್ಟೆ ಹಿಡಿದು ಬಂದರು. ಆ ಹೆಂಗಸು ನೇರವಾಗಿ ಬಂದು ಡಾಕ್ಟರ ಬೆನ್ನಿನ ಸುಣ್ಣ ಒರೆಸಿ, "ಇದೇನ್ರೀ, ಈಗ ತಾನೇ ಇಸ್ತ್ರಿ ಮಾಡಿಕೊಟ್ಟಿದ್ದೆ" ಎಂದು ಗದರಿದರು.

'ರೀ'! ಗದರುವ 'ರೀ'! ಅದು ಹೆಂಡತಿಯದಲ್ಲದೆ ಇನ್ಯಾರದೂ ಆಗಲು ಸಾಧ್ಯವಿಲ್ಲ.

"ಇವರು..." ಎಂದೆ.

"ನನ್ನ ಮನೆಯವರು" ಎಂದರು ಡಾಕ್ಟರು. "ನನಗೆ ಕೊನೆಗೂ ಲೈಸೆನ್ಸ್ ಬಂತು. ಅದಕ್ಕೇ ಮೇಡಂಗೆ ಸಿಹಿ ಕೊಡೋಣ ಅಂತ ಇಬ್ಬರೂ ಬಂದ್ವಿ. ಇವಳನ್ನ ಕೂರಿಸಿಕೊಂಡು ನಾನೇ ಓಡಿಸಿದೆ!"

"ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದೆ" ಎಂದರು ಅವರ ಮನೆಯವರು.

ಇವರಿಗೆ ಹೆಂಡತಿ ಇದ್ದಾರೆ. ಹಾಗಾದರೆ ಮಂಚ ಯಾರಿಗೆ? ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೋಣೆಯ ಸುತ್ತ ಕಣ್ಣಾಡಿಸಿ ಕೇಳಿದರು: "ಅದೆಲ್ಲ ಸರಿ ಅಳಿಯಂದ್ರೇ, ನಿಮ್ಮ ದಿಂಬು ಎಲ್ಲಿ?"

"ನನ್ನ ದಿಂಬಾ?"

"ಮಂಚ ಮಾತ್ರ ಬಂದ್ರೆ ಆಯ್ತಾ? ತಲೆ ಎಲ್ಲಿಡ್ತೀರಿ?"

ನಾನು ಅವಳ ಕಡೆ ತಿರುಗಿದೆ. ಅವಳ ಮುಖ ಕೆಂಪಗಾಗಿತ್ತು. "ಹಳೇ ಮರವೇ ಬೇಕು ಅಂದೆ. ನಿಮ್ಮರ್ಧ ಕೊಡಿ ಅಂತ ಕೇಳಿದೆ. ಮುಖ ಮುಖ ನೋಡಿದೆ. ಇನ್ನೇನು, ಬೋರ್ಡು ಬರೆಸಿ ನಿಮ್ಮ ಅಂಗಡಿ ಮುಂದೆ ನೇತುಹಾಕಬೇಕಿತ್ತಾ? ನಾಲ್ಕು ಕಾಲು ಕಿತ್ತು ಎರಡು ಅರ್ಧ ಜೋಡಿಸ್ತಾ ಕೂತಾಗಲೂ ತಲೆಗೆ ಹೊಳೀಲಿಲ್ವೇನ್ರೀ?"

ಹೇಳಿದಳು! 'ರೀ' ಎಂದಳು! ಎಷ್ಟೋ ಕಾಲದ ಮೇಲೆ ಆ ಒಂದಕ್ಷರ ಕಿವಿಗೆ ಬಿತ್ತು. ಅಲ್ಲೇ ಕುಸಿದು ಕೂತೆ. ಎಲ್ಲಿ ಕೂತೆ? ಮಂಚದ ಮೇಲೆ.

"ಕ್ರೀಂಯ್ಯ್ಯ್ ಕಟ್!"

ಗಾಬರಿಯಲ್ಲಿ ಎದ್ದೆ. "ಕೀಂಯ್ಯ್!" ಎಂದಿತು. ಏಳಬಾರದಿತ್ತು ಎಂದು ಮತ್ತೆ ಕೂತೆ. ಅದು ಮತ್ತೆ ಹೇಳಿತು. ಡಾಕ್ಟರು ಮೆಲ್ಲಗೆ ತಮ್ಮ ಮನೆಯವರಿಗೆ, "ಇವರ ಬೋರ್ಡಿನಲ್ಲಿ ಸದ್ದಿಲ್ಲದ ಮಂಚ ಅಂತ ಇತ್ತಲ್ಲ?" ಎಂದರು.

ಅಡಕತ್ತರಿಯಲ್ಲಿ ಸಿಕ್ಕಿಬಿದ್ದೆ. ಮಂಚ ಕೆಟ್ಟಿದೆ ಎಂದರೆ ನನ್ನ ಕೈಚಳಕದ ಮಾನ ಹೋಗುತ್ತದೆ. ಬೇಕೆಂದೇ ಕೆಡಿಸಿದೆ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ, ಉತ್ತರ ಎದುರಿಗೇ ಸಿಹಿ ತಿನ್ನುತ್ತ ನಿಂತಿದೆ. "ಹವಾ ಬದಲಾದಾಗ ಮರ ಸ್ವಲ್ಪ..." ಎಂದು ತೊದಲಿದೆ.

ಅವಳು ಬಗ್ಗಿ ಕಾಲಿನ ಕೀಲನ್ನು ನೋಡಿದಳು. ಬಡಗಿಯ ಜೊತೆ ಸಂಸಾರ ಮಾಡಿದವಳು. ಬೆರಳಿಂದ ಮುಟ್ಟಿ ನೋಡಿ, ಮೇಣವಿಲ್ಲದ ಒಣ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ನಿಮ್ಮ ಕೈಯಿಂದ ಇಂಥ ಕೆಲಸ ಸುಮ್ಮಸುಮ್ಮನೆ ಆಗೋದಿಲ್ಲ. ಬೇಕೂ ಅಂತ ಮಾಡಿದ್ದೀರಿ."

ನಾನು ಸುಮ್ಮನಿದ್ದೆ. ಮಂಚವೂ ಆಗ ಮಾತ್ರ ಸುಮ್ಮನಿತ್ತು.

"ಈ ಮಂಚದಲ್ಲಿ ಯಾರು ಮಲಗ್ತಾರೆ ಅಂದ್ಕೊಂಡಿದ್ರಿ?"

ನನ್ನ ಕಣ್ಣು ನನ್ನ ಅಪ್ಪಣೆ ಕೇಳದೆ ಡಾಕ್ಟರ ಕಡೆ ಹೋಯಿತು. ಅವಳ ಕಣ್ಣೂ ಹಿಂದೆಯೇ ಹೋಯಿತು. ಡಾಕ್ಟರ ಮನೆಯವರ ಕಣ್ಣೂ ಹೋಯಿತು. ಡಾಕ್ಟರು ಬಾಯಲ್ಲಿದ್ದ ಸಿಹಿಯನ್ನು ಹಾಗೇ ನುಂಗಿದರು. "ನಾನು ಇವರಿಗೆ ಹಾರ್ನ್ ಹೊಡೆಯೋಕೂ ಹೆದರ್ತೀನಿ ಸಾರ್" ಎಂದರು ಕೈ ಜೋಡಿಸಿ.

ಮೊದಲು ನಕ್ಕದ್ದು ಅವರ ಮನೆಯವರು. ಆಮೇಲೆ ಅತ್ತೆ. ಅವಳು ನಗು ತಡೆಯಲು ಹೋಗಿ ಸೋತು, ನನ್ನ ಪಕ್ಕದಲ್ಲೇ ಮಂಚದ ಮೇಲೆ ಕೂತುಬಿಟ್ಟಳು. "ಕೀಂಯ್ಯ್!" ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಆ ನೀರು ನಿಲ್ಲಲಿಲ್ಲ. "ಇಷ್ಟು ಹೊಟ್ಟೆಕಿಚ್ಚು ಇಟ್ಕೊಂಡು, 'ಅದಕ್ಕೇನಂತೆ ಮೇಡಂ' ಅಂದ್ರಲ್ಲ!" ಎಂದು ನನ್ನ ಭುಜಕ್ಕೆ ಗುದ್ದಿದಳು. "ನಿಮಗೆ ನಾನು ಬೇಕಾಗಿಲ್ಲವೇನೋ ಅಂತ ಆವತ್ತೆಲ್ಲ ನಾನು ಊಟ ಮಾಡಲಿಲ್ಲ ಗೊತ್ತಾ?"

"ಬೇಕಿತ್ತು" ಎಂದೆ. "ಬೇಕು. ಕೇಳೋಕೆ ಬಾಯಿ ಬರಲಿಲ್ಲ."

"ಬಂತಲ್ಲ ಈಗ" ಎಂದರು ಅತ್ತೆ. "ತಟ್ಟೆ ಹಿಡಿದು ಕೈ ನೋಯ್ತಿದೆ, ಯಾರಾದ್ರೂ ತಗೊಳ್ಳಿ."

ಮದುವೆ ನೋಂದಣಿ ಕಚೇರಿಯ ಗುಮಾಸ್ತ ನಮ್ಮ ಹೆಸರುಗಳನ್ನು ನೋಡಿ, ಮುಖಗಳನ್ನು ನೋಡಿ, "ಇದೇ ಜೋಡಿನಾ? ಚೆನ್ನಾಗಿ ಯೋಚನೆ ಮಾಡಿದ್ದೀರಾ?" ಎಂದು ಕೇಳಿದ. ಹಲ್ಲಿನ ಡಾಕ್ಟರು ಸಾಕ್ಷಿಯಾಗಿ ಯಾರಿಗೂ ಓದಲಾಗದ ಸಹಿ ಹಾಕಿದರು. (ನೋಯುತ್ತಿದ್ದ ಹಲ್ಲನ್ನೂ ಅವರೇ ಸರಿಮಾಡಿದರು. ಕೈ ಕೊಂಚ ಭಾರವಾಗಿತ್ತು. ನನಗೆ ಹಾಗನಿಸಿತೋ ಅಥವಾ ನಿಜವೋ, ಕೇಳಲಿಲ್ಲ.) ನಾನು ದಿಂಬು ಕಂಕುಳಲ್ಲಿ ಇಟ್ಟುಕೊಂಡು ನನ್ನ ಮನೆಗೆ ವಾಪಸು ಬಂದೆ.

ಬಂದವನೇ ಮಾಡಿದ ಮೊದಲ ಕೆಲಸ, ಮೇಣದ ಡಬ್ಬಿಯೂ ಸುತ್ತಿಗೆಯೂ ಹಿಡಿದು ಕೋಣೆಗೆ ಹೋದದ್ದು. ಅಲ್ಲಿ ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತು ಬಟಾಣಿ ಸುಲಿಯುತ್ತಿದ್ದರು.

"ಸ್ವಲ್ಪ ಏಳಿ ಅತ್ತೇ, ಆ ಕೀಲು ಸರಿ ಮಾಡ್ತೀನಿ."

"ಆಗೋದಿಲ್ಲ. ಮಗಳು ಕೆಲಸಕ್ಕೆ ಹೋಗೋವಾಗ ಹೇಳಿಹೋಗಿದಾಳೆ. ಬಡಗೀನ ಮಂಚದ ಹತ್ತಿರ ಬಿಡಬಾರದಂತೆ."

ಸಂಜೆ ಅವಳನ್ನೇ ಕೇಳಿದೆ. "ನನ್ನ ಮಾನದ ಪ್ರಶ್ನೆ ಕಣೇ. ಸದ್ದಿಲ್ಲದ ಮಂಚದವನ ಮನೆಯ ಮಂಚವೇ ಓಣಿಗೆಲ್ಲ ಕೇಳುವಂತೆ ಕೂಗಿದರೆ ಹೇಗೆ?"

"ಕೂಗಲಿ" ಎಂದಳು, ಕಿಟಕಿಯ ಎರಡೂ ಬಾಗಿಲುಗಳನ್ನು ಅಗಲವಾಗಿ ತೆರೆಯುತ್ತ. "ಕಾರಿನಲ್ಲಿ ಮಾತ್ರ ನನ್ನ ಕಡೆ ಒಂದು ಬ್ರೇಕ್ ಇತ್ತು. ಮನೇಲಿ ಇರಲಿಲ್ಲ. ಈಗ ನೀವೇ ಮಾಡಿಕೊಟ್ಟಿದ್ದೀರಿ."

ಆಗ ನನಗೆ ಜ್ಞಾನೋದಯವಾಯಿತು. ಈಗ ನಾನು ಕಿಟಕಿಯ ಕಡೆಗೆ ಒಂದು ಬೆರಳು ಸರಿಸಿದರೂ ಮಂಚ "ಕೀ" ಎಂದು ವರದಿ ಒಪ್ಪಿಸುತ್ತದೆ. ಹೊದಿಕೆಯೊಳಗೆ ಅವಳ ಬಲಗಾಲು ಒಮ್ಮೆ ಒತ್ತುತ್ತದೆ. ನಾನು ನಿಲ್ಲುತ್ತೇನೆ. ಅತ್ತೆ ಕೊಟ್ಟ ಮಫ್ಲರನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು, ಗಲ್ಲದವರೆಗೆ ಹೊದ್ದು, ಹಾಯುವ ಗಾಳಿಯಲ್ಲಿ ಹೂವಿನ ಕೆಳಗೆ ಮಲಗುತ್ತೇನೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ಇಷ್ಟು ಒಳ್ಳೆಯ ನಿದ್ದೆ ನನಗೆ ಎಂದೂ ಬಂದಿರಲಿಲ್ಲ.

ಅಂಗಡಿಗೆ ಅತ್ತೆ ಈಗಲೂ ಬರುತ್ತಾರೆ. "ನಮ್ಮ ಅಳಿಯಂದ್ರ ಮಂಚ ಅಂದ್ರೆ ಮಂಚ. ಒಂದಾದ್ರೂ ಸದ್ದು ಮಾಡಿದ್ದಿಲ್ಲ, ನಮ್ಮ ಮನೇದು ಬಿಟ್ಟರೆ" ಎಂದು ಗಿರಾಕಿಗಳಿಗೆ ಹೇಳುತ್ತಾರೆ. ಗಿರಾಕಿಗಳು ನನ್ನನ್ನು ಒಂದು ಥರಾ ನೋಡುತ್ತಾರೆ.

ಈವತ್ತು ಬೆಳಕು ಹರಿಯುವ ಹೊತ್ತಿಗೆ ಚಳಿ ವಿಪರೀತವಾಗಿತ್ತು. ಅವಳಿಗೆ ಒಳ್ಳೆಯ ನಿದ್ದೆ. ಉಸಿರು ಬಿಗಿಹಿಡಿದು, ಒಂದು ಕಾಲನ್ನು ಎಷ್ಟು ಹಗುರವಾಗಿ ಇಳಿಸಿದೆನೆಂದರೆ ನನಗೇ ಗೊತ್ತಾಗಲಿಲ್ಲ. ಮಂಚಕ್ಕೆ ಗೊತ್ತಾಯಿತು. "ಕೀಂಯ್ಯ್!"

"ರೀ, ಎಲ್ಲಿಗೆ?" ಎಂದಳು ಕಣ್ಣು ತೆರೆಯದೆ.

"ಎಲ್ಲಿಗೂ ಇಲ್ಲ ಕಣೇ" ಎಂದು ಕಾಲು ಮೇಲೆ ಎಳೆದುಕೊಂಡೆ. ಅವಳು ಹೊದಿಕೆಯ ತನ್ನ ಕಡೆಯ ಅರ್ಧವನ್ನು ನನ್ನ ಮೇಲೆ ಎಸೆದು, ಆ ಕಡೆ ತಿರುಗಿ ಮಲಗಿದಳು. ಮಂಚ ಅದನ್ನೂ ಇಡೀ ಓಣಿಗೆ ಕೂಗಿ ಹೇಳಿತು.